ಮೂವತ್ತೊಂದನೇ ಪೆಟ್ಟಿಗೆಯ ಬೂದಿಕಲ್ಲು

ಗುರುವಾರ, 6-2-2025, ಬೆಳಿಗ್ಗೆ 10.40ಕ್ಕೆ ಅಮೃತಾ ಎಂಬ ಇಪ್ಪತ್ತೊಂಬತ್ತರ ಸಂಶೋಧಕಿ ಕುಷ್ಟಗಿ ಪೊಲೀಸ್ ಠಾಣೆಗೆ ಬಂದು ತನ್ನ ಕಲ್ಲೊಂದು ಕಳುವಾಗಿದೆ ಎಂದು ದೂರು ಕೊಟ್ಟಳು. ಕಲ್ಲಿಗೆ ಬರವೇ ಇಲ್ಲದ ತಾಲ್ಲೂಕಿನಲ್ಲಿ ಇಂಥ ದೂರು ಅದೇ ಮೊದಲು. ಬೇರೆ ದಿನವಾಗಿದ್ದರೆ ಇನ್‌ಸ್ಪೆಕ್ಟರ್ ಶಾಂತಕುಮಾರ ನಕ್ಕುಬಿಡುತ್ತಿದ್ದರು. ಆದರೆ ಅವರ ಜೊತೆಗೇ ನೌಕರಿಗೆ ಸೇರಿದ ಅಸ್ಲಮ ಹಿಂದಿನ ದಿನವಷ್ಟೇ ಬಡ್ತಿ ಸಿಕ್ಕಿ ಡಿವೈಎಸ್ಪಿಯಾಗಿ ಗಂಗಾವತಿಗೆ ಬಂದಿದ್ದ. ಅಭಿನಂದನೆಯ ಸಂದೇಶವನ್ನು ಶಾಂತಕುಮಾರ ಮೂರು ಸಲ ಬರೆದು ಮೂರು ಸಲ ಅಳಿಸಿದ್ದರು. ಈ ದಿನ ನಗುವ ಮನಸ್ಸಿರಲಿಲ್ಲ.

“ಎಂಥಾ ಕಲ್ಲವ್ವಾ?”

“ಬೂದಿಕಲ್ರಿ, ಒಂದೂವರಿ ಫೂಟು. ಇನ್ನೂರೈವತ್ತು ಕೋಟಿ ವರ್ಷದ ಹಿಂದ ಈ ಕಡೆ ಜ್ವಾಲಾಮುಖಿ ಇದ್ವು. ಲಾವಾ ಹರದು ಕಲ್ಲಾತು, ಅದರ ಮ್ಯಾಲ ಕೆಸರು ಕುಂತು ಕಲ್ಲಾತು, ಹಿಂಗ ಪದರ ಪದರ. ಹಾರಿದ ಬೂದಿ ಮಾತ್ರ ಒಂದ ಹೊತ್ತಿಗೆ ಕುಷ್ಟಗಿ ಮ್ಯಾಲೂ ಬೀಳ್ತೈತಿ, ಯಲಬುರ್ಗಾದ ಮ್ಯಾಲೂ ಬೀಳ್ತೈತಿ. ಎರಡೂ ಕಡೆ ಆ ಪದರ ಸಿಕ್ಕರ ಎರಡೂ ಊರಿನ ಕಲ್ಲು ಒಂದ ಕಾಲದ್ದು ಅಂತ ಜೋಡಿಸಬಹುದು. ನನಗ ಎರಡೂ ಕಡೆ ಸಿಕ್ಕೈತಿ, ಕಳುವಾಗಿದ್ದು ಕುಷ್ಟಗಿದು.”

“ಆ ಕಲ್ಲು ವಾಪಸ್ ಸಿಗಲಿಲ್ಲಂದ್ರ?”

“ಸೋಮವಾರ ಪರಿಣತರು ನೋಡಾಕ ಬರ್ತಾರ್ರಿ. ಫೋಟೋ ಅದಾವ, ಅವರು ಫೋಟೋ ನಂಬಂಗಿಲ್ಲ. ನಾ ಸುಳ್ಳು ಹೇಳೀನಿ ಅಂತಾರ. ಅಲ್ಲಿಗೆ ನನ್ನ ಓದು ಮುಗೀತು.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.15ಕ್ಕೆ, ಸಂಶೋಧನೆಗೆಂದು ಬಾಡಿಗೆಗೆ ಹಿಡಿದಿದ್ದ ಗೋದಾಮಿನಲ್ಲಿ ಸ್ಥಳ ಪಂಚನಾಮೆ. ನೆಲ ಕೊರೆದು ತೆಗೆದ ಕಲ್ಲಿನ ಉರುಟು ತುಂಡುಗಳನ್ನು ಆಳದ ಕ್ರಮದಲ್ಲಿ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಬೀಗ ಮುರಿದಿರಲಿಲ್ಲ. ಮೂವತ್ತೊಂದನೇ ಪೆಟ್ಟಿಗೆಯಲ್ಲಿ ಖಾಲಿ ಜಾಗವೂ ಇರಲಿಲ್ಲ. ಬೂದಿಕಲ್ಲು ಇದ್ದಲ್ಲಿ ಅಷ್ಟೇ ಉದ್ದದ ಕಪ್ಪು ಲಾವಾ ಕಲ್ಲು ಮಲಗಿತ್ತು.

ಕಾವಲುಗಾರ ಮುದಿಯಪ್ಪ ಕೈ ಮುಗಿದು ನಿಂತ.

“ನಿನ್ನೆ ಎಲ್ಲಿದ್ದಿ?”

“ಇಲ್ಲೇ ಇದ್ನಿರಿ.”

“ಇಡೀ ದಿನ?”

“ಒಂದು ತಾಸು ಎಮ್ಮಿಗೆ ಮೇವು ಹಾಕಾಕ ಹೋಗಿದ್ನಿರಿ ಸಾಹೇಬ್ರ. ಮೇಡಂನೋರು ಕೊಪ್ಪಳಕ್ಕ ಹೋಗಿದ್ರು.”

ಹೆಡ್ ಕಾನ್‌ಸ್ಟೆಬಲ್ ಶರಣಬಸಮ್ಮನ ಕಣ್ಣು ಮುದಿಯಪ್ಪನ ಮೇಲೇ ಇತ್ತು. ಅಮೃತಾ ತಲೆಯಾಡಿಸಿದಳು. “ಇಂವ ಅಲ್ರಿ. ಲಾವಾದಾಗ ಗಾಳಿಗುಳ್ಳಿ ಮ್ಯಾಲೇರಿ ಉಳೀತಾವ. ಈ ಕಲ್ಲಿನ ಗುಳ್ಳಿ ಸರಿಯಾಗಿ ಮ್ಯಾಲಿನ ಕಡೆಗೇ ಅದಾವ. ಇಟ್ಟವರು ಕಲ್ಲು ಓದಿದವರು.”

ಗೋದಾಮಿನ ಕೀಲಿ ಇದ್ದದ್ದು ಮುದಿಯಪ್ಪನ ಹೊರತು ಇಬ್ಬರ ಬಳಿ. ಒಬ್ಬಳು ಅಮೃತಾ. ಇನ್ನೊಬ್ಬ ಅದೇ ತಂಡದ ಹಿರಿಯ ಸಂಶೋಧಕ ಪ್ರಭುರಾಜ, ನಲವತ್ತೊಂದು ವರ್ಷ. ಹನ್ನೊಂದು ವರ್ಷದಿಂದ ಯಲಬುರ್ಗಾದ ಕಲ್ಲು ಓದುತ್ತಿದ್ದ. ಯಲಬುರ್ಗಾದ್ದು ಬಹಳ ಹಳೆಯದು, ಕುಷ್ಟಗಿಯದಕ್ಕೂ ಅದಕ್ಕೂ ನೆಂಟಸ್ತನವಿಲ್ಲ ಎಂಬುದು ಅವನ ಹಠ. ಅಮೃತಾಳ ಬೂದಿ ಆ ಹನ್ನೊಂದು ವರ್ಷವನ್ನೂ ಅಳಿಸಿಹಾಕುತ್ತಿತ್ತು.

ಸಂಜೆ 4.30ಕ್ಕೆ ಪ್ರಭುರಾಜ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ದನಿ.

“ನಿನ್ನೆ ಎಲ್ಲಿದ್ರಿ?”

“ಯಲಬುರ್ಗಾದಾಗ ನನ್ನ ಶೆಡ್ಡಿನ್ಯಾಗ. ನೋಡ್ರಿ ಸರ್, ಆ ಬೂದಿ ಮೊದಲಿಗೆ ಇತ್ತೋ ಇಲ್ಲೋ, ಅದನ್ನ ತಪಾಸ ಮಾಡ್ರಿ.”

“ಬೂದಿ ಸಿಕ್ಕೈತಿ ಅಂತ ಆಕಿ ಹೇಳಿದಾಗ ಏನಂದ್ರಿ?”

“ಛಲೋ ಆತು ಅಂದೆ.”

“ಅವತ್ತೇ ಅಂದ್ರ್ಯಾ?”

ಪ್ರಭುರಾಜ ನೀರಿನ ಲೋಟ ಎತ್ತಿಕೊಂಡ. “ಹದಿನೇಳು ದಿನದ ಮ್ಯಾಲ.”

ಆ ಲೆಕ್ಕ ಶಾಂತಕುಮಾರರಿಗೆ ಚುರುಕ್ ಎಂದಿತು. ಹದಿನೇಳು ದಿನ ಬಾಯಿಗೆ ಬಾರದ ಮಾತಿನ ರುಚಿ ಅವರಿಗೆ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚನ್ನು ಸಾಕ್ಷಿಯೆಂದು ಯಾವ ಕೋರ್ಟೂ ಒಪ್ಪುವುದಿಲ್ಲ. ಪ್ರಭುರಾಜನನ್ನು ಕಳಿಸಿದರು.

ಶುಕ್ರವಾರ ಬೆಳಿಗ್ಗೆ ಶರಣಬಸಮ್ಮ ಕಪ್ಪು ಕಲ್ಲನ್ನು ಮೇಜಿನ ಮೇಲಿಟ್ಟು ಅಮೃತಾಳನ್ನು ಕೇಳಿದಳು.

“ಇದು ಎಲ್ಲಿಂದ ಬಂತು?”

“ಯಲಬುರ್ಗಾದ ಲಾವಾ ಇದ್ದಂಗ ಐತ್ರಿ.”

“ಹಂಗಾದ್ರ ಅಲ್ಲಿ ಪೆಟ್ಟಿಗ್ಯಾಗ ಜಾಗ ಖಾಲಿ ಬಿದ್ದಿರಬೇಕಲ್ಲ?”

“ಖಾಲಿ ಬಿಡಂಗಿಲ್ರಿ. ತುಂಡು ತೆಗೆದ್ರ ಅಲ್ಲೇ ಅಷ್ಟುದ್ದದ ಕಟ್ಟಿಗಿ ಇಟ್ಟು, ಯಾರು ತೆಗೆದ್ರು, ಯಾವತ್ತು ತೆಗೆದ್ರು ಅಂತ ಬರೀತೀವಿ. ಇಲ್ಲಂದ್ರ ಮುಂದ ಓದೋರಿಗೆ ಮೋಸ ಆಗ್ತೈತಿ.” ಹೇಳುತ್ತಾ ಹೇಳುತ್ತಾ ಅವಳು ಎದ್ದು ನಿಂತಳು. “ಪ್ರಭುರಾಜ ಸರ್ ಶೆಡ್ಡಿನ್ಯಾಗ ಆ ಕಟ್ಟಿಗಿ ನೋಡ್ರಿ.”

ಶೋಧನಾ ವಾರಂಟ್ ಹಿಡಿದು 11.20ಕ್ಕೆ ಯಲಬುರ್ಗಾದ ಶೆಡ್ಡು ತಲುಪಿದರು. ಐವತ್ತೆಂಟು ಪೆಟ್ಟಿಗೆ. ಪ್ರಭುರಾಜ ಬಾಗಿಲಲ್ಲೇ ನಿಂತ. ಶರಣಬಸಮ್ಮ ಒಂದೊಂದೇ ಮುಚ್ಚಳ ತೆಗೆಯುತ್ತಾ ಹೋದಳು, ಧೂಳಿಗೆ ಸೀನುತ್ತಾ, ಯಾರನ್ನೋ ಬೈಯುತ್ತಾ. ನಲವತ್ತನಾಲ್ಕನೆಯದರಲ್ಲಿ ಹೊಸ ಕಟ್ಟಿಗೆಯ ತುಂಡು. ಮೇಲೆ ದುಂಡನೆಯ ಅಕ್ಷರ: “5-2-2025. ಒಂದೂವರೆ ಅಡಿ ತೆಗೆಯಲಾಗಿದೆ. ಪ್ರಭುರಾಜ.”

ಶಾಂತಕುಮಾರ ಅದನ್ನು ಎರಡು ಸಲ ಓದಿದರು. “ಕಳವು ಮಾಡಿ ಸಹಿ ಯಾಕ ಮಾಡಿದ್ರಿ?”

“ಆಕಿ ಪೆಟ್ಟಿಗ್ಯಾಗ ಸುಳ್ಳು ಇಟ್ಟೆ.” ಪ್ರಭುರಾಜ ಬಾಗಿಲು ಬಿಟ್ಟು ಒಳಗೆ ಬಂದ. “ನನ್ನ ಪೆಟ್ಟಿಗ್ಯಾಗ ಇಡಾಕ ಕೈ ಬರಲಿಲ್ಲ.”

ಬೂದಿಕಲ್ಲು ಅವನ ಟ್ರಂಕಿನಲ್ಲಿತ್ತು. ಒಡೆದಿರಲಿಲ್ಲ. ಟವೆಲಿನಲ್ಲಿ ಸುತ್ತಿ, ಆಳ ಬರೆದು, ಮೇಲ್ಭಾಗಕ್ಕೆ ಬಾಣದ ಗುರುತು ಹಾಕಿದ್ದ. ಪಂಚರ ಸಮಕ್ಷಮ ಜಪ್ತಿ. 1.05ಕ್ಕೆ ಬಂಧನ.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಕಾರಣ ತಾನಾಗೇ ಹೊರಬಿತ್ತು.

“ಯಲಬುರ್ಗಾದ ಬೂದಿ ಎಲ್ಲಿತ್ತು ಗೊತ್ತೇನ್ರಿ? ನನ್ನ ಪೆಟ್ಟಿಗ್ಯಾಗ. ಹನ್ನೊಂದು ವರ್ಷದ ಹಿಂದ ನಾನ ನೋಡಿದ್ದೆ. ನೀರಿಗೆ ಮೆತ್ತಗಾಗಿ ಕೊಳತ ಲಾವಾ ಅಂತ ವಹಿಯಾಗ ಬರದು ಮುಂದ ಹೋದೆ. ಈಕಿ ಬಂದು ಎರಡ ವರ್ಷಕ್ಕ ನನ್ನ ಪೆಟ್ಟಿಗಿ ತಗದು ‘ಸರ್, ಇದು ಬೂದಿ ಅಲ್ಲೇನ್ರಿ?’ ಅಂದ್ಲು. ನಕ್ಕೊಂತ ಕೇಳಿದ್ಲು. ಆ ನಗಿ ತಡಕೊಳ್ಳಾಕ ಆಗಲಿಲ್ಲ.”

ಕಾರಣದ ಕಡೆ ಶಾಂತಕುಮಾರ ಹೊಟ್ಟೆಕಿಚ್ಚು ಎಂದು ಬರೆದರು. ಬರೆಯುವಾಗ ಪೆನ್ನು ತುಸು ತಡೆಯಿತು. ಸೋಮವಾರ ಬೂದಿಕಲ್ಲನ್ನು ಠಾಣೆಯಲ್ಲೇ ಪರಿಣತರಿಗೆ ತೋರಿಸಲು ಅನುಮತಿ ಕೋರಿ ನ್ಯಾಯಾಲಯಕ್ಕೆ ಪತ್ರವನ್ನೂ ಸಿದ್ಧಪಡಿಸಿದರು. ಅದನ್ನು ಕೇಳಿ ಅಮೃತಾ ಬೆಂಚಿನ ಮೇಲೆ ಕುಳಿತು ಗಟ್ಟಿಯಾಗಿ ಅತ್ತಳು.

4.10ಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ಯಲು ಜೀಪು ಬಂತು. ಹೊರಗೆ ನಡೆಯುತ್ತಿದ್ದ ಪ್ರಭುರಾಜ ಜಪ್ತಿ ಮಾಲಿನ ಕಪಾಟಿನೆದುರು ನಿಂತುಬಿಟ್ಟ. ಬೂದಿಕಲ್ಲಿಗೆ ಚೀಟಿ ಕಟ್ಟಿ ಶರಣಬಸಮ್ಮ ಅದನ್ನು ನೆಟ್ಟಗೆ ನಿಲ್ಲಿಸಿದ್ದಳು.

“ಅದು ತಲಿಕೆಳಗಾಗೈತ್ರಿ,” ಎಂದ ಪ್ರಭುರಾಜ. “ತಿರುಗಿಸಿ ಇಡ್ರಿ. ಸೋಮವಾರ ಅವರು ಸರಿಯಾಗಿ ನೋಡ್ಲಿ.”

ಶಾಂತಕುಮಾರ ತಾವೇ ಹೋಗಿ ಬಾಣ ಮೇಲೆ ಬರುವಂತೆ ಕಲ್ಲನ್ನು ತಿರುಗಿಸಿಟ್ಟರು. ಜೀಪು ಹೊರಟ ಮೇಲೆ ಫೋನು ತೆಗೆದು ಅಸ್ಲಮನಿಗೆ ನಾಲ್ಕನೇ ಸಲ ಬರೆದರು. ಈ ಸಲ ಅಳಿಸಲಿಲ್ಲ.