ಶಿಳ್ಳೆಯ ನಡುವಿನ ಉಸಿರು

ಫೋನ್ ಲೈನಿನಲ್ಲಿ ಶಿಳ್ಳೆಯಂಥ ಸ್ವರ ಹೊಡೆದು ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದ ಹಳೆಯ ಮೋಡೆಮ್ಮಿನ ಕೆಲಸವನ್ನು ಈಗಿನ ಡಿಜಿಟಲ್ ಫೋನ್ ಲೈನಿನಲ್ಲಿ ಮಾಡುವ ತಂತ್ರಾಂಶವನ್ನು ಅಣ್ಣ ಅರ್ಧಕ್ಕೇ ಬಿಟ್ಟು ತೀರಿಕೊಂಡ. ಅದನ್ನು ಮುಗಿಸಿದವಳು ನಾನು. ಕಳೆದ ಭಾನುವಾರ ಮಧ್ಯಾಹ್ನ ಅವನ ಕಂಪ್ಯೂಟರಿನಲ್ಲೇ ಪರೀಕ್ಷೆಗೆ ಕೂತೆ. ಕರೆ ಮಾಡುವುದೂ ತಂತ್ರಾಂಶವೇ, ಉತ್ತರಿಸುವುದೂ ತಂತ್ರಾಂಶವೇ, ಮೈಕು ಇರಲಿಲ್ಲ. ಸ್ಪೀಕರಿನಲ್ಲಿ, ಕರೆ ಎತ್ತಿಕೊಂಡ ಮೋಡೆಮ್ ಹೊಡೆಯುವ ಶಿಳ್ಳೆಯಂಥ ಉತ್ತರದ ಸ್ವರ ಉದ್ದಕ್ಕೆ ಕೇಳಿಸಿತು. ನಡುವೆ ಅದು ನಿಂತು, ಉಸಿರೆಳೆದುಕೊಂಡು, ಮತ್ತೆ ಮುಂದುವರಿಯಿತು.

"ಏನೋ ತಪ್ಪಾಗಿದೆ," ಅಂದೆ.

ಬಟ್ಟೆ ಮಡಚುತ್ತಿದ್ದ ಅತ್ತಿಗೆ ಬಾಗಿಲಿಗೆ ಬಂದರು. "ತಪ್ಪೇನಿಲ್ಲ ಕಣೇ. ನಿಮ್ಮಣ್ಣ ಫೋನಲ್ಲಿ ಶಿಳ್ಳೆ ಹೊಡೆದು, ಆ ಕಡೆ ಇರೋದೂ ಮೋಡೆಮ್ಮೇ ಅಂತ ಮೋಡೆಮ್ಮನ್ನ ಯಾಮಾರಿಸ್ತಿದ್ರಲ್ಲ, ಹೀಗೇ. ಒಂದೇ ಉಸಿರಲ್ಲಿ ಯಾವತ್ತೂ ಮುಗಿಸಿದವರಲ್ಲ. ಸಿಗರೇಟು ಬಿಡಿ ಅಂದ್ರೆ ಕೇಳಿದ್ರೆ ತಾನೇ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಣ್ಣನ ದನಿಯ ರೆಕಾರ್ಡಿಂಗ್ ಎಲ್ಲೂ ಸೇರಿಲ್ಲವೆಂದು ನೋಡಿಕೊಂಡು, ಉತ್ತರಿಸುವ ಭಾಗವನ್ನೇ ನಿಲ್ಲಿಸಿದೆ. ಸ್ವರ ನಿಲ್ಲಲಿಲ್ಲ. ಕರೆ ಹೋಗುತ್ತಿದ್ದ ಇಂಟರ್ನೆಟ್ಟಿನ ತಂತಿಯನ್ನೇ ಕಿತ್ತೆ. ಆಗ ಸ್ವರ ಹೋಗಿ, ಯಾರೋ ಕಾಯುತ್ತಿರುವ ಹಾಗೆ ಸಣ್ಣ ಉಸಿರಾಟ ಮಾತ್ರ ಉಳಿಯಿತು.

ಕರೆ ಮುಗಿಸಲು ಹೊರಟಾಗ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ಅವರು ಆಸ್ಪತ್ರೆಯಿಂದ ಫೋನ್ ಮಾಡಿದಾಗ ಕೆಲಸ ಇದೆ ಅಂತ ನಾನೇ ಮೊದಲು ಫೋನ್ ಇಟ್ಟೆ. ಆಮೇಲೆ ಅವರು ಮಾತಾಡಲೇ ಇಲ್ಲ. ಈ ಸಲ ನಾವಾಗಿ ಇಡೋದು ಬೇಡ."

ಇವತ್ತು ಬುಧವಾರ. ಕರೆ ಇನ್ನೂ ಕಡಿದುಹೋಗಿಲ್ಲ.