ಮದುಮಗ ಒಗೆದ ಅಂಗಿ

"ಏಯ್, ಯಾರದು ಕಲ್ಲಿನ ಹತ್ತಿರ? ಅದು ಹೆಂಗಸರು ಒಗೆಯುವ ಜಾಗ ಅಂತ ಗೊತ್ತಿಲ್ಲವಾ?"

ಕೊಡಪಾನವನ್ನು ಸೊಂಟಕ್ಕೆ ಒತ್ತಿಕೊಂಡೇ ಬಾವಿಕಟ್ಟೆಗೆ ಬಂದ ಝೈನಬ ಗದರಿಸಿದಳು. ಮದುವೆ ಅಡುಗೆಗೆ ಬಂದವರಲ್ಲಿ ಯಾರೋ ಉಳಿದುಕೊಂಡಿರಬೇಕು ಎಂದು ಅವಳ ಎಣಿಕೆ. ಬೆನ್ನು ತೋರಿಸಿ ಕುಕ್ಕರಗಾಲಿನಲ್ಲಿ ಕುಳಿತಿದ್ದವನು ಒದ್ದೆ ಅಂಗಿಯನ್ನು ಹಿಂಡುತ್ತ ನಿಧಾನವಾಗಿ ತಿರುಗಿದ.

ಅವಳು ಹಸಿರು ತಲೆವಸ್ತ್ರವನ್ನು ಥಟ್ಟನೆ ಹಣೆಗೆ ಎಳೆದುಕೊಂಡಳು!

ನಿಕಾಹ್ ಆದ ರಾತ್ರಿ ತಲೆ ತಗ್ಗಿಸಿಯೇ ಕುಳಿತಿದ್ದವಳು ಕಣ್ಣಂಚಿನಿಂದ ಒಮ್ಮೆ ಮಾತ್ರ ನೋಡಿದ್ದ ಮುಖ... ಅವಳ ಗಂಡ, ರವೂಫ್!

"ತಪ್ಪಾಯಿತು," ಎಂದ ಅವನು. ನಗು ಕಣ್ಣಿನಲ್ಲೇ ಇತ್ತು. "ಒಂದು ತೋಳು ಬಾಕಿ ಉಂಟು. ಮುಗಿಸಿ ಏಳ್ತೇನೆ."

"ಅಯ್ಯೋ, ನೀವಾ! ಕೊಡಿ, ನಾನು ಒಗೀತೇನೆ..."

"ಬೇಡ."

ಅಂಗಿಯನ್ನು ತನ್ನ ಕಡೆ ಎಳೆದುಕೊಂಡೇ ಬಿಟ್ಟ. ಆ ಒಂದು ಮಾತು ಝೈನಬಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಅದು ೧೯೬೪. ಕಬಕ ಊರಿನ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ, ಹೆಂಡತಿಯ ಮನೆಗೆ ಬಂದು ತಂಗಿದ ಮದುಮಗ, ಅವರ ಮಾತಿನಲ್ಲಿ ಪುದಿಯಾಪ್ಲ, ನೀರಿನ ಲೋಟವನ್ನೂ ತಾನಾಗಿ ಎತ್ತಬಾರದು. ಅಂಥದ್ದರಲ್ಲಿ ಕುವೈತಿನ ಕೆಲಸದಿಂದ ರಜೆಯಲ್ಲಿ ಬಂದ ಈ ಮದುಮಗ ಮರುದಿನವೂ ಒಗೆದ, ಅದರ ಮರುದಿನವೂ ಒಗೆದ! ಝೈನಬ ಎಷ್ಟು ಬೇಗ ಎದ್ದರೂ ಅವನ ಅಂಗಿ ಆಗಲೇ ಹಗ್ಗದ ಮೇಲೆ ತೊಟ್ಟಿಕ್ಕುತ್ತಿರುತ್ತಿತ್ತು.

ಅವಳ ತಾಯಿ ನಫೀಸಮ್ಮನಿಗೆ ತಡೆಯಲಾಗಲಿಲ್ಲ; ಮಗಳ ಮೇಲೆ ರೇಗಿದಳು.

"ಈ ಮನೆಯಲ್ಲಿ ಹೆಂಗಸರಿಗೆ ಕೈ ಇಲ್ಲವಾ ಮೋಳೆ? ಪುದಿಯಾಪ್ಲ ಬಟ್ಟೆ ಕುಟ್ಟುದು ನೋಡಿ ಬೇಲಿಯಾಚೆ ಸೇವಂತಿ ಬಾಯಿಗೆ ಸೆರಗು ಇಟ್ಟುಕೊಂಡು ನಗುದು!"

"ನಾನೆಂತ ಮಾಡುದು ಉಮ್ಮ? ಕೇಳಿದರೆ ಕೊಡುದಿಲ್ಲ."

"ಅಂಗಿ ಕೊಡದವ ನಿನ್ನನ್ನು ಒಪ್ಪಲಿಲ್ಲ ಅಂತಲೇ ಅರ್ಥ. ನಿನ್ನ ಪೋಕರ್ ಮಾಮನಿಗೆ ಹೇಳಿ ಕಳಿಸಿದ್ದೇನೆ, ಇವತ್ತು ಬರ್ತಾರೆ. ಬೇಡ ಅಂತಾದರೆ ಕುವೈತಿನ ಹಡಗು ಹತ್ತುವ ಮೊದಲೇ ಬಾಯಿಬಿಟ್ಟು ಹೇಳಲಿ! ಸಂಬಂಧ ಮುರಿದೇ ಹೋಗಲಿ."

ಮುರಿಯುವುದು... ಆ ಶಬ್ದಕ್ಕೆ ಝೈನಬ ಥಟ್ಟನೆ ಎದ್ದಳು. ಮಾಮ ಬರುವ ಮೊದಲು ತಾನೇ ಕೇಳಬೇಕು ಎಂದುಕೊಂಡು ಬಾವಿಕಟ್ಟೆಗೆ ನಡೆದಳು.

"ನಿಮಗೆ ನಾನು ಬೇಡವಾ?"

ರವೂಫನ ಕೈಯಿಂದ ಸಾಬೂನು ಜಾರಿತು. "ಯಾ ಅಲ್ಲಾಹ್! ಯಾರು ಹೇಳಿದ್ದು?"

"ನಿಮ್ಮ ಅಂಗಿ."

ಅವನು ಸಾಬೂನು ಎತ್ತಿ ಕಲ್ಲಿನ ಮೇಲಿಟ್ಟ. ಮತ್ತೆ ನೆಲ ನೋಡುತ್ತ ಹೇಳಿದ.

"ಕಂಪೆನಿಯಲ್ಲಿ ಗುಮಾಸ್ತ ಅಂತ ನಿಮ್ಮ ಮನೆಯವರಿಗೆ ಹೇಳಿದ್ದೆ. ಅದು ಸುಳ್ಳು. ನಾನು ಅಲ್ಲಿ ಲಾಂಡ್ರಿಯಲ್ಲಿ ಇರುದು. ಊರವರ ಬಟ್ಟೆ ಒಗೆಯುದು, ಝೈನಬ."

ಅವಳಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಬಂದದ್ದು ಒಂದು ಪ್ರಶ್ನೆ.

"ಅಲ್ಲಿ ಜನ ಅವರವರ ಬಟ್ಟೆ ಅವರೇ ಒಗೆಯುದಿಲ್ಲವಾ?"

"ಒಗೆಯುವವರೂ ಇದ್ದಾರೆ. ದುಡ್ಡಿರುವವರು ಹೊರಗೆ ಕೊಡುದು. ಒಗೆದು, ಇಸ್ತ್ರಿ ಹಾಕಿ, ಕಾಗದ ಸುತ್ತಿ ಕೊಡ್ತೇವೆ. ಅವರ ಮುಖ ನಾನು ಕಂಡಿಲ್ಲ, ನನ್ನದು ಅವರು ಕಂಡಿಲ್ಲ. ಕೋಣೆಯಷ್ಟು ದೊಡ್ಡ ಮಿಷನ್ ಉಂಟು. ಅದರೊಳಗೆ ಯಾರ್ಯಾರದೋ ಅಂಗಿಗಳು ಒಂದನ್ನೊಂದು ತಬ್ಬಿಕೊಂಡು ತಿರುಗುದು."

"ಅಷ್ಟಕ್ಕೆಲ್ಲ ನೀರು?"

"ಲಾರಿಯಲ್ಲಿ ಬರುದು."

"ನೀರು! ಲಾರಿಯಲ್ಲಿ!"

"ಸಮುದ್ರದ ನೀರನ್ನು ಕುದಿಸಿ, ಉಪ್ಪು ತೆಗೆದು ತರುದು."

ಝೈನಬ ಬಾವಿಯೊಳಗೆ ಇಣುಕಿದಳು. ಹುಟ್ಟಿದಂದಿನಿಂದ ಸೇದಿದ ನೀರು, ಆಕಾಶದ ಒಂದು ತುಂಡನ್ನು ಹಿಡಿದುಕೊಂಡು ಸುಮ್ಮನೆ ಹೊಳೆಯುತ್ತಿತ್ತು. ಯಾರೂ ಕುದಿಸದೆ, ಯಾರೂ ಹೊತ್ತು ತರದೆ... ಇಷ್ಟು ಕಾಲ ತಾನಿದನ್ನು ನೋಡಿಯೇ ಇರಲಿಲ್ಲವೇ!

"ಸಂಜೆ ರೂಮಿಗೆ ಬಂದು ಅರ್ಧ ಬಕೆಟ್ ನೀರಲ್ಲಿ ನನ್ನ ಅಂಗಿ ನಾನೇ ಒಗೀತೇನೆ," ರವೂಫ್ ಮುಂದುವರಿಸಿದ. "ಹಗಲೆಲ್ಲ ಒಗೆದದ್ದು ಸಾಲದಾ ಮಾರಾಯ ಅಂತ ಜೊತೆಯವರು ನಗ್ತಾರೆ. ಆದರೆ ಅಷ್ಟು ರಾಶಿಯಲ್ಲಿ, ಇದು ಯಾರದ್ದು ಅಂತ ನನಗೆ ಗೊತ್ತಿರುವ ಬಟ್ಟೆ ಇದೊಂದೇ. ಇದನ್ನೂ ಬೇರೆಯವರ ಕೈಗೆ ಕೊಟ್ಟರೆ... ನನಗೆ ನಾನೇ ಮರೆತು ಹೋಗ್ತೇನೋ ಅಂತ ಹೆದರಿಕೆ. ನಿನ್ನ ಕೈ ಬೇಡ ಅಂತ ಅಲ್ಲ."

ಅವಳು ಅವನ ಬೆರಳುಗಳನ್ನು ನೋಡಿದಳು. ಸೋಡಾಖಾರಕ್ಕೆ ಬಿರಿದಿದ್ದವು. ಈ ಬೆರಳುಗಳ ನಡುವೆ ಒಂದು ಇಡೀ ಪಟ್ಟಣದ ಬೆವರು ಹರಿದು ಹೋಗಿದೆ! ಮುಟ್ಟಲು ಕೈ ಚಾಚಿದಳು. ಧೈರ್ಯ ಸಾಲಲಿಲ್ಲ.

"ಎಲ್ಲಿ ನಮ್ಮ ಕುವೈತಿನ ದೊರೆ?" ಜಗಲಿಯಿಂದ ಪೋಕರ್ ಮಾಮನ ದನಿ. "ಬಟ್ಟೆ ಒಗೆದು ಆಗಲಿಲ್ಲವಾ ಇನ್ನೂ?"

ರವೂಫ್ ಎದ್ದ. "ನಿಜ ಹೇಳ್ತೇನೆ. ಮತ್ತೆ ಅವರು ಹೋಗು ಅಂದರೆ..."

ಝೈನಬ ಅವನಿಗಿಂತ ಮೊದಲೇ ಜಗಲಿ ತಲುಪಿದ್ದಳು. ಮಾಮನೆದುರು ಎಂದೂ ಸ್ವರ ಎತ್ತದವಳು!

"ಮಾಮ, ಇವರು ಗುಮಾಸ್ತ ಅಲ್ಲ. ಲಾಂಡ್ರಿಯಲ್ಲಿ ಬಟ್ಟೆ ಒಗೆಯುದು. ನನಗೆ ಹೇಳಿದ್ದಾರೆ."

"ಒಗೆಯುದಾ!" ಮಾಮನ ಬೀಡಿ ಬಾಯಿಂದ ಬಿತ್ತು. "ನಮಗೆ ಸುಳ್ಳು ಹೇಳಿದನಾ? ಊರವರಿಗೆ ನಾನು ಎಂತ ಹೇಳುದು?"

"ನನ್ನ ಗಂಡ ಅಂತ ಹೇಳಿ."

ಬಾಗಿಲ ಹಿಂದೆ ನಫೀಸಮ್ಮನ ಬಳೆ ಸದ್ದು ನಿಂತಿತು. ಮಾಮ ತಂಗಿಯ ಮಗಳನ್ನು ನೋಡಿದರು, ಹಿಂದೆ ಒದ್ದೆ ಕೈಯಲ್ಲಿ ನಿಂತವನನ್ನು ನೋಡಿದರು.

"ಸುಳ್ಳು ಹೇಳಿದ್ದಕ್ಕೆ ನಿನಗೆ ಬೇರೆ ಉಂಟು ಮಾರಾಯ," ಎಂದು ಬೆಂಚಿನಲ್ಲಿ ಕುಳಿತರು. "ನಫೀಸಾ, ಚಾಯ ತಾ. ಹುಡುಗಿ ಒಪ್ಪಿದ ಮೇಲೆ ನಾನು ಯಾರಿಗೆ ಜೋರು ಮಾಡುದು?"

ಚಾಯ ಕಾಯುವಷ್ಟರಲ್ಲಿ ರವೂಫ್ ಒಗೆತ ಮುಗಿಸಲು ಬಾವಿಕಟ್ಟೆಗೆ ಹೋದ; ಹಿಂದೆಯೇ ಝೈನಬ ಬಂದಳು. ಕೈಯಲ್ಲಿ ಅವಳ ಹಸಿರು ತಲೆವಸ್ತ್ರ.

"ಇದು ಯಾರದ್ದು ಅಂತ ಗೊತ್ತುಂಟಾ?"

"ಗೊತ್ತುಂಟು."

"ಕುವೈತಿಗೆ ತಕ್ಕೊಂಡು ಹೋಗಿ. ಅಲ್ಲಿ ಗೊತ್ತಿರುವ ಬಟ್ಟೆ ಎರಡಾಗ್ತದೆ."

ರವೂಫ್ ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡ. "ಮತ್ತೆ ನನ್ನ ಅಂಗಿ?"

"ಒಂದು ಇಲ್ಲಿ ಬಿಟ್ಟು ಹೋಗಿ," ಎಂದಳು ಝೈನಬ, ಮೊದಲ ಬಾರಿ ಅವನನ್ನು ನೇರವಾಗಿ ನೋಡುತ್ತ. "ನೀವು ಬರುವವರೆಗೆ ನನಗೂ ಒಗೆಯಲಿಕ್ಕೆ ಬೇಕಲ್ಲ..."