ಅಳತೆ ಕೋಣೆಯ ಕೆಂಪು ಚಪ್ಪಲಿ

"ಹೊರಗೆ ಹೋಗಿ!"

ಚೆಕ್ ದೇಶದ ಬ್ರನೊ ಊರಿನ ಆ ಪ್ರಯೋಗಾಲಯದಲ್ಲಿ ಮೊದಲ ದಿನವೇ ಬ್ಲಾಂಕಾಳಿಗೆ ಸಿಕ್ಕ ಸ್ವಾಗತವಿದು. ಅಳತೆ ಕೋಣೆಯ ಬಾಗಿಲಲ್ಲಿ ನಿಂತವಳ ಮುಖವನ್ನೂ ನೋಡದೆ ಒತಾಕರ್ ಗದರಿದ್ದ. "ಮೈಬಿಸಿಗೇ ಅಳತೆ ಜಾರುತ್ತೆ. ಗೊತ್ತಿಲ್ವಾ?"

ಬೇರೆಯವಳಾಗಿದ್ದರೆ ಅತ್ತೇಬಿಡುತ್ತಿದ್ದಳು. ಬ್ಲಾಂಕಾಳಿಗೆ ಏನೂ ಅನಿಸಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಅವಳಿಗೆ ಯಾವುದೂ ಅನಿಸುತ್ತಿರಲಿಲ್ಲ... ಸೂಪಿನ ಉಪ್ಪೂ, ಹಿಮದ ಚಳಿಯೂ.

ಸಿಲಿಕಾನ್ ಚೂರುಗಳನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ, ಅವುಗಳ ಮೈಮೇಲೆ ಒಂದೇ ಪರಮಾಣುವಿನ ಎತ್ತರದ ಮೆಟ್ಟಿಲುಗಳನ್ನು ಮೂಡಿಸುವುದು ಅವಳ ಕೆಲಸ. ಆ ಮೆಟ್ಟಿಲುಗಳನ್ನು ಸೂಜಿಮೊನೆಯಿಂದ ಅಳೆಯುವವನು ಒತಾಕರ್. ಅವನು ಸರಿ ಎಂದ ಚೂರೇ ಊರೂರಿನ ಯಂತ್ರಗಳಿಗೆಲ್ಲ ಅಳತೆಗೋಲು.

ಎರಡು ಚಳಿಗಾಲ ಅವಳು ಚೂರುಗಳನ್ನು ಅಳತೆ ಕೋಣೆಯ ಗೋಡೆಯ ಕಿಂಡಿಯಲ್ಲಿಟ್ಟು ಸುಮ್ಮನೆ ಹಿಂದಿರುಗಿದಳು. ಹೊಸ್ತಿಲ ಬಳಿ ಅವನ ಸವೆದ ಚಪ್ಪಲಿಯ ಪಕ್ಕ ಹೆಂಗಸರ ಕೆಂಪು ಉಣ್ಣೆಯ ಚಪ್ಪಲಿ ಇರುತ್ತಿತ್ತು. ಆ ಕಡೆಯವರು ಬೂಟು ಹೊರಗೆ ಕಳಚಿ ಒಳಗೆ ಬೇರೆ ಚಪ್ಪಲಿ ಮೆಟ್ಟುತ್ತಾರೆ; ಬಾಗಿಲಲ್ಲಿ ಆ ಚಪ್ಪಲಿ ಇಡುವುದು ಒಳಗೆ ಬರಬೇಕಾದವರಿಗೆ ಮಾತ್ರ.

'ಯಾರೋ ಪುಣ್ಯವಂತೆ ಇದ್ದಾಳೆ. ನನಗೇನು?'

ನನಗೇನು ಅಂದುಕೊಂಡವಳು ಪ್ರಾಗ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡಿದ್ದೇಕೆ? ಅದನ್ನು ಅವಳೂ ಕೇಳಿಕೊಳ್ಳಲಿಲ್ಲ.

ಕೊನೆಯ ದಿನ ಹೇಳಿ ಹೋಗಲು ಬಂದು ಹೊಸ್ತಿಲಾಚೆಯೇ ನಿಂತಳು. ಅವಳ ಕೊನೆಯ ಚೂರು ಸೂಜಿಯ ಕೆಳಗಿತ್ತು.

"ಹೋಗ್ಬರ್ತೀನಿ, ಒತಾಕರ್ ಅವರೇ."

"ಒಳಗೆ ಬನ್ನಿ."

"ಸೂಜಿ ಇಳಿದಿದೆ. ಅಳತೆ ಕೆಡುತ್ತೆ."

"ಕೆಡ್ಲಿ."

ಪಕ್ಕದ ಕೋಣೆಯಲ್ಲಿ ಯಾರಾದರೂ ಸೀನಿದರೂ ಸಿಡಿಮಿಡಿಗೊಳ್ಳುವ ಮನುಷ್ಯನ ಬಾಯಲ್ಲಿ ಈ ಮಾತು...

"ಚಪ್ಪಲಿ ಹಾಕ್ಕೊಂಡು ಬನ್ನಿ," ಎಂದ.

"ಬೇರೆಯವರದ್ದು ನನಗ್ಯಾಕೆ?"

"ಯಾವ ಬೇರೆಯವರು? ನಿಮಗೇ ತಂದಿದ್ದು. ಬೈದ ಮಾರನೇ ದಿನವೇ. ಆಮೇಲೆ ನಿಮ್ಮ ಮನೆಯವರು ಹೋದ ಸುದ್ದಿ ಗೊತ್ತಾಯ್ತು. ಯಾವ ಮುಖ ಇಟ್ಕೊಂಡು ಕರೀಲಿ? ನೀವಾಗೇ ಹಾಕ್ಕೋತೀರಿ ಅಂತ ಕಾದೆ."

"ಎರಡು ಚಳಿಗಾಲನಾ?"

"ಈ ಕೆಲ್ಸದಲ್ಲಿ ಕಾಯೋದು ಬಿಟ್ರೆ ಇನ್ನೇನು ಕಲಿತೀವಿ, ಹೇಳಿ."

ಅವಳು ಬೂಟು ಕಳಚಿದಳು. ಕಾಲು ನೆಲಕ್ಕೆ ತಗುಲಿತು.

"ನೆಲ ತಣ್ಣಗಿದೆ..." ಎಂದವಳಿಗೆ ಅಳು ಒತ್ತರಿಸಿ ಬಂತು. ಎಷ್ಟೋ ಕಾಲದ ಮೇಲೆ ಅವಳಿಗೆ ಚಳಿ ಎಂಬುದು ತಿಳಿದಿತ್ತು.

ಕೆಂಪು ಚಪ್ಪಲಿ ಮೆಟ್ಟಿ ಅವಳು ಒಳಗೆ ಬಂದಳು. ಅಳತೆ ಯಂತ್ರದ ಪರದೆಯ ಮೇಲಿನ ಮೆಟ್ಟಿಲುಗಳು ಮೆಲ್ಲಗೆ ವಾಲತೊಡಗಿದವು.

"ಅಳತೆ ಜಾರ್ತಾ ಇದೆ, ನೋಡಿ."

"ನೋಡಲ್ಲ." ಅವನು ನೋಡುತ್ತಿದ್ದುದು ಅವಳ ಮುಖವನ್ನು. "ಹೋಗ್ಬೇಡಿ, ಬ್ಲಾಂಕಾ. ನೀವಂದ್ರೆ ನನಗಿಷ್ಟ."

ಅವಳು ಕಣ್ಣೊರೆಸಿಕೊಂಡು ಕಾಲ ಕಡೆ ನೋಡಿದಳು. "ಇದು ನನಗೆ ದೊಡ್ಡದು."

"ಅಳೀದೇ, ಅಂದಾಜಲ್ಲಿ ತಂದೆ," ಎಂದ ಅವನು ತಲೆತಗ್ಗಿಸಿ. "ಬದಲಾಯಿಸ್ಲಾ?"

"ಬೇಡ. ನಾಳೆ ದಪ್ಪ ಕಾಲುಚೀಲ ಹಾಕ್ಕೊಂಡು ಬರ್ತೀನಿ."